ತವರಿನ ಹೀರೆಬೀಜ

ಕಾನೂನಿಗೆ ತಲೆಬಾಗುವ ಪ್ರಜೆಗಳಿಂದಲೇ ರಾಜ್ಯ ಉಳಿದುಕೊಂಡಿದೆ. ನಮ್ಮ ಮನೆಯಲ್ಲಿ ಈ ತಲೆಬಾಗುವಿಕೆ ಒಂದು ಒಣ ಹೀರೇಕಾಯಿಯನ್ನು ಬಚ್ಚಲ ಒಲೆಗೆ ಹಾಕುವ ತನಕ ಹೋಯಿತು.

ನಾನು ಕೋರ್ಟಿನಲ್ಲಿ ಗುಮಾಸ್ತನಾಗಿದ್ದವನು. ಕೈಗೆ ಬಂದ ಕಾಗದವನ್ನೆಲ್ಲ, ಕರೆಂಟ್ ಬಿಲ್ಲಿನ ಹಿಂಬದಿಯನ್ನು ಕೂಡ, ತೀರ್ಪು ಓದುವ ಗತ್ತಿನಲ್ಲಿ ಹೆಂಡತಿಗೆ ಗಟ್ಟಿಯಾಗಿ ಓದಿ ಹೇಳುವುದು ನಿವೃತ್ತಿಯ ನಂತರವೂ ಬಿಡದ ಚಟವಾಗಿತ್ತು. ನಡುವೆ ನನ್ನವೂ ಒಂದೆರಡು ಕಲಮು ಸೇರುತ್ತಿದ್ದವು. ಅವು ನನ್ನವೆಂದು ಅವಳಿಗೆ ಗೊತ್ತಾಗುತ್ತದೆ ಎಂದುಕೊಂಡಿದ್ದೆ.

ಆ ಹೀರೆ ಅವಳ ತವರಿನದು. ಮದುವೆಯಾಗಿ ಬರುವಾಗ ಅವಳ ಅವ್ವ ಉಡಿಯಲ್ಲಿ ಅಕ್ಕಿ, ಕೊಬ್ಬರಿಯ ಜೊತೆ ಒಂದು ಒಣಗಿದ ಕಾಯಿಯನ್ನೂ ಇಟ್ಟಿದ್ದಳು. ಅಂದಿನಿಂದ ಇವಳು ಪ್ರತಿವರ್ಷ ಚಪ್ಪರದ ಮೊದಲ ಕಾಯಿಯನ್ನು ಕೀಳದೆ ಬಳ್ಳಿಯಲ್ಲೇ ಒಣಗಲು ಬಿಟ್ಟು, ಬೀಜ ಒಳಗಿದ್ದಂತೆಯೇ ಅಡುಗೆಮನೆಯ ಮೊಳೆಗೆ ನೇತುಹಾಕುತ್ತಿದ್ದಳು. ಮಳೆಗಾಲಕ್ಕೆ ಮುಂಚೆ ಗೋಪನಕೊಪ್ಪದ ನಮ್ಮ ಓಣಿಯ ನಾಲ್ಕು ಮನೆಗೆ ಅದರಿಂದಲೇ ಬೀಜ. ಅವ್ವ ತೀರಿಹೋಗಿ, ತವರಿನ ಹಿತ್ತಲ ಮೇಲೆ ಯಾರದೋ ಮೂರಂತಸ್ತಿನ ಕಟ್ಟಡ ಎದ್ದ ಮೇಲೆ, ತವರು ಎಂದರೆ ಆ ಮೊಳೆಯಲ್ಲಿದ್ದಷ್ಟೇ.

ಒಂದು ಬೇಸಿಗೆ ಯಾವುದೋ ಸಂಘದವರ ಪ್ರಚಾರದ ಆಟೋ ಬಂತು. ಹೊಸ ಬೀಜ ಕಾಯ್ದೆ ಬಂದರೆ ಹಿತ್ತಲಲ್ಲಿ ತರಕಾರಿ ಬೆಳೆಯುವವರಿಗೂ ಉಳಿಗಾಲವಿಲ್ಲ, ಬೀಜ ಎತ್ತಿಟ್ಟರೆ ದಂಡ, ನೆರೆಯವರಿಗೆ ಕೊಟ್ಟರೆ ಜೈಲು ಎಂದು ಮೈಕಿನಲ್ಲಿ ಕೂಗಿ, ವಿರೋಧಕ್ಕೆ ಸಹಿ ಹಾಕಿಸಿಕೊಂಡು, ಕರಪತ್ರ ಕೊಟ್ಟು ಹೋದರು. ನನಗೆ ನಗು ಬಂತು. ಗಂಟಲು ಸರಿಮಾಡಿಕೊಂಡು ಓದಿದೆ. ಅದರಲ್ಲಿ ಇಲ್ಲದ್ದನ್ನೂ ಕೊನೆಗೆ ಸೇರಿಸಿದೆ: ಸದರಿ ಆರೋಪಿಯಿಂದ ಬೀಜ ಪಡೆದ ನೆರೆಹೊರೆಯವರೂ ಸಮಾನ ಶಿಕ್ಷೆಗೆ ಅರ್ಹರು. ಅವಳು ನಗಲಿಲ್ಲ. ನಾನು ಅದನ್ನು ಗಮನಿಸಲಿಲ್ಲ.

ಮರುದಿನ ಪೆನ್ಶನ್ ಕೆಲಸಕ್ಕೆ ಧಾರವಾಡಕ್ಕೆ ಹೋದಾಗ ಹಳೆಯ ವಕೀಲ ಗೆಳೆಯ ಸಿಕ್ಕ. ಕರಪತ್ರ ತೋರಿಸಿದೆ. ಇದು ಇನ್ನೂ ಕರಡು, ಬೀಜ ಮಾರುವವರ ಸಂಗತಿ, ನಿಮ್ಮ ಹಿತ್ತಲ ಹೀರೆಯ ಗೊಡವೆ ಇದಕ್ಕಿಲ್ಲ ಎಂದು ಅವನೂ ನಕ್ಕ. ಈ ನಗೆಯನ್ನು ಮನೆಗೆ ಒಯ್ಯುವ ಉಮೇದಿಯಲ್ಲಿ ಬಸ್ಸು ಹತ್ತಿದೆ.

ಮೊಳೆ ಬರಿದಾಗಿತ್ತು. ಕಾಯಿಯನ್ನು ಬಚ್ಚಲ ಒಲೆಗೆ ಹಾಕಿದ್ದಳು. ತನ್ನಿಂದ ಮಂದಿಗೆ ತೊಂದರೆಯಾಗಬಾರದೆಂದು ನಾಲ್ಕೂ ಮನೆಗೆ ಹೋಗಿ, ಆ ವರ್ಷ ಕೊಟ್ಟಿದ್ದ ಬೀಜವನ್ನೆಲ್ಲ ಕೇಳಿ ಇಸಿದುಕೊಂಡು ಬಂದು ಅದೇ ಒಲೆಗೆ ಸುರಿದಿದ್ದಳು. ಓಣಿಯವರೆಲ್ಲ ಕಾಕು ಎಂದು ಕರೆಯುವ ಎದುರುಮನೆಯ ಹಿರಿಯಾಕೆ, "ನಿನ್ನ ಹೀರಿಕಾಯಿ ತಿಂದದ್ದಕ್ಕ ಪೊಲೀಸ್ ಜೀಪ್ ಕಳಸ್ತಾರೇನವಾ?" ಎಂದು ಚೇಷ್ಟೆ ಮಾಡಿದರಂತೆ.

ವಕೀಲ ಹೇಳಿದ್ದನ್ನು ಹೇಳಿದೆ. ಒಲೆಯ ಮುಂದೆ ಕುಳಿತೇ ಕೇಳಿದಳು.

"ಮತ್ತ ನೀವ ಓದಿದ್ರಲ್ಲರಿ."

"ಅದು ಚೇಷ್ಟಿಗೆ ಓದಿದ್ದು."

"ಇಷ್ಟು ವರ್ಷ ನೀವು ಓದಿದ್ದೆಲ್ಲಾ ಖರೇ ಅಂತನ ಕೇಳೇನಿ. ಯಾವುದು ಚೇಷ್ಟಿ ಅಂತ ಒಮ್ಮೆರೆ ಹೇಳಬೇಕಿತ್ತರಿ."

ಬೂದಿ ಆರಿದ ಮೇಲೆ ಹಿಟ್ಟಿನ ಸಾಣಿಗೆ ತಂದು ಸಾಣಿಸತೊಡಗಿದೆ. ಸಾಣಿಗೆ ಹಾಳಾಗುತ್ತದೆ ಎಂದು ಅವಳು ಎಂದಿನಂತೆ ಬೈಯಲಿಲ್ಲ. ಹೀರೆಬೀಜ ಮೊದಲೇ ಕಪ್ಪು. ಸುಟ್ಟದ್ದು ಯಾವುದು, ಉಳಿದದ್ದು ಯಾವುದು ಎಂದು ತಿಳಿಯುವಂತಿರಲಿಲ್ಲ. ಈಗ ಕರೆಂಟ್ ಬಿಲ್ಲನ್ನು ಮನಸ್ಸಿನಲ್ಲೇ ಓದಿಕೊಳ್ಳುತ್ತೇನೆ. ಓದಿ ಹೇಳಿ ಎಂದು ಅವಳೂ ಕೇಳುವುದಿಲ್ಲ.

ಬೂದಿಯಲ್ಲಿ ಹನ್ನೊಂದು ಬೀಜ ಸಿಕ್ಕಿದ್ದವು. ಮೊದಲ ಮಳೆಗೆ ಚಪ್ಪರದ ಬುಡದಲ್ಲಿ ಊರಿದೆವು. ಒಂದೂ ಹುಟ್ಟಲಿಲ್ಲ.