ಮುಂದೆ ಮಗಳು, ಹಿಂದೆ ಗಾಡಿ

ನಡುರಸ್ತೆಯಲ್ಲಿ ಹತ್ತು ವರ್ಷದ ಮಗಳು ಗಕ್ಕನೆ ನಿಂತು, ಹಿಂದೆ ನಿಧಾನವಾಗಿ ಬರುತ್ತಿದ್ದ ನನ್ನ ಬೈಕಿನ ಚಾವಿ ಕಿತ್ತುಕೊಂಡಳು. ಹಿಂದಿನ ದಿನವಷ್ಟೇ ಬಾಗಲಕೋಟೆಯ ಡಾಕ್ಟರು, "ಮಕ್ಕಳು ದಿನಾ ನಡದು, ಓಡಿ ಮಾಡಿದ್ರ ರಕ್ತನಾಳ ಬಿರುಸಾಗಂಗಿಲ್ರಿ" ಎಂದಿದ್ದರು. ಶಾಲೆ ನಮ್ಮ ಮಾಳಿಗೆಯಿಂದಲೇ ಕಾಣುತ್ತದೆ. ಅಷ್ಟು ಹತ್ತಿರ. ಅವಳನ್ನು ನಡೆಯಲು ಬಿಟ್ಟರೂ, ಪಾಟೀಚೀಲ ಭಾರವಾದೀತೆಂದು ಅದನ್ನು ಬೈಕಿನ ಮೇಲಿಟ್ಟುಕೊಂಡು ಹಿಂಬಾಲಿಸುತ್ತಿದ್ದೆ. ಕುಳಗೇರಿ ಕ್ರಾಸಿನ ಚಹಾದಂಗಡಿಯವರೆಲ್ಲ ನಗುತ್ತಿದ್ದರು.

"ಅಪ್ಪಾ, ನಿನಗ ರಕ್ತನಾಳ ಇಲ್ಲೇನು?" ಎಂದಳು.

ಅಂದಿನಿಂದ ಇಬ್ಬರೂ ನಡೆದೇ ಹೋಗುತ್ತೇವೆ. ತಿಂಗಳ ನಂತರ ಬೈಕಿಗೆ ಎಷ್ಟು ಒದ್ದರೂ ಚಾಲೂ ಆಗಲಿಲ್ಲ. ಬಿಚ್ಚಿ ನೋಡಿದ ಮೆಕ್ಯಾನಿಕ್ ನನ್ನನ್ನೇ ಗದರಿದ: "ಮೂಲ್ಯಾಗ ನಿಲ್ಲಿಸಿಟ್ರ ಹಿಂಗ ಆಗತೈತ್ರಿ. ಇದಕ್ಕೂ ದಿನಾ ಓಡಾಟ ಬೇಕು!"