ಹೊಲಿಗೆ ಅಕ್ಕನ ಟ್ಯಾಬ್

ಮೊನ್ನೆ ಆಫೀಸಿನ ಡ್ರಾಯರ್ ಎಳೆದಾಗ ಮೂಗಿಗೆ ಬಡಿದದ್ದು ಹೊಲಿಗೆ ಮೆಷಿನ್ನಿನ ಎಣ್ಣೆಯ ವಾಸನೆ. ವೈರು, ಚಾರ್ಜರು, ಒಣಗಿದ ಮಾರ್ಕರುಗಳ ಅಡಿಯಲ್ಲಿ ಆ ಟ್ಯಾಬ್ ಇತ್ತು. ಅದರ ಚೀಲ ಮೆರೂನ್ ಬ್ಲೌಸ್ ಪೀಸಿನದು. ಒಳಗೆ ಲೈನಿಂಗ್ ಕೊಟ್ಟು, ಬಾಯಿಗೆ ಎರಡು ಹುಕ್ಕು ಹಾಕಿ ಹೊಲಿದದ್ದು. ಇಷ್ಟು ವರ್ಷವಾದರೂ ವಾಸನೆ ಹೋಗಿಲ್ಲ... ನನ್ನ ಸಿಟ್ಟೂ ಹೋಗಿಲ್ಲ.

ಬೈಯಪ್ಪನಹಳ್ಳಿಯಲ್ಲಿ ನಾನಿದ್ದ ಬಾಡಿಗೆ ರೂಮಿನ ಕೆಳಗೇ ಅದನ್ನು ಹೊಲಿದವರ ಮನೆ. ಕಲಬುರಗಿ ಕಡೆಯವರು. ಗಂಡ ತೀರಿಕೊಂಡ ಮೇಲೆ ಒಂದು ಮೆಷಿನ್ ನಂಬಿಕೊಂಡು ಬದುಕಿದವರು. ಇಡೀ ಕಟ್ಟಡಕ್ಕೆ ಅವರು ಹೊಲಿಗೆ ಅಕ್ಕ. ಮೈಮೇಲೆ ಹಾಕಿಸಿ ನೋಡದೆ ಬ್ಲೌಸ್ ಕೈಗೆ ಕೊಡುವುದಿಲ್ಲ ಅನ್ನುವುದು ಅವರ ಹಟ. ಹಾಕಿಕೊಂಡರೂ ಸಾಲದು. ಮೆಟ್ರೋದಲ್ಲಿ ಕಂಬಿ ಹಿಡಿಯುವ ಹಾಗೆ ಕೈ ಎತ್ತಬೇಕು, ಕೊಡ ಎತ್ತುವ ಹಾಗೆ ಬಗ್ಗಬೇಕು. ಆಫೀಸಿಗೆ ಹೊತ್ತಾಯಿತು ಅಂದರೆ ಬೈಗುಳ ಗ್ಯಾರಂಟಿ.

“ಕನ್ನಡಿ ಮುಂದ ಸುಮ್ನ ನಿಂತ್ರ ಎಲ್ಲಾ ಛಲೋನೇ ಕಾಣ್ತದ. ಕೈ ಎತ್ತು ತಂಗಿ.”

ಸಕ್ಕರೆ ಕಾಯಿಲೆ ಮೆಲ್ಲಗೆ ಅವರ ಕಣ್ಣಿಗೆ ಇಳಿಯಿತು. ಸೂಜಿಗೆ ದಾರ ಪೋಣಿಸಲು ನನ್ನನ್ನು ಕೂಗುವಂತಾಯಿತು. ಒಂದು ಕಣ್ಣಾಸ್ಪತ್ರೆಗೆ ಹೋದರೆ, ವೆಬ್‌ಸೈಟಿನಲ್ಲಿ ಸಮಯ ತೆಗೆದುಕೊಂಡು ಬನ್ನಿ ಅಂತ ಬಾಗಿಲಿನಿಂದಲೇ ವಾಪಸ್ ಕಳಿಸಿದರು. ಫೋನಿನ ಅಕ್ಷರ ಕಾಣುವುದಿಲ್ಲವೆಂದು ಶಿವಾಜಿನಗರಕ್ಕೆ ಹೋಗಿ ಹಳೆಯ ಟ್ಯಾಬ್ ಒಂದನ್ನು ತಂದುಕೊಂಡರು.

ಅದಕ್ಕೆ ಸ್ವಲ್ಪ ಮುಂಚೆ ಗರುಡಾಚಾರ್‌ಪಾಳ್ಯದ ನಮ್ಮ ಆಫೀಸಿನಲ್ಲಿ ನಾನು ಒಂದು ಆಸ್ಪತ್ರೆಯ ವೆಬ್‌ಸೈಟ್ ಮಾಡಿ ಮುಗಿಸಿದ್ದೆ. ಅದು ಟ್ಯಾಬ್‌ನಲ್ಲಿ ನಡೆಯುತ್ತದೋ ಇಲ್ಲವೋ ಅಂತ ನಾವು ಪರೀಕ್ಷಿಸುತ್ತಿದ್ದ ಚಂದ ಕೇಳಿ. ದೊಡ್ಡ ಮಾನಿಟರಿನಲ್ಲಿ ಬ್ರೌಸರ್ ಕಿಟಕಿಯ ಅಂಚನ್ನು ಮೌಸಿನಿಂದ ಎಳೆದು ಟ್ಯಾಬ್‌ನಷ್ಟು ಅಗಲಕ್ಕೆ ತರುವುದು, ಅದೇ ಮೌಸಿನಿಂದ ನಾಲ್ಕು ಕಡೆ ಒತ್ತುವುದು, ‘ಟ್ಯಾಬ್ ಓಕೆ’ ಅಂತ ಗುರುತು ಹಾಕಿ ಕಾಫಿಗೆ ಏಳುವುದು. ಟ್ಯಾಬ್ ಕೈಯಲ್ಲಿ ಹಿಡಿದವರು ಒಬ್ಬರೂ ಇಲ್ಲ. ಒಂದು ತರಿಸೋಣವೇ ಅಂತ ಕೇಳಿದ್ದಕ್ಕೆ ಮ್ಯಾನೇಜರ್ ನಕ್ಕಿದ್ದರು, “ಟ್ಯಾಬಲ್ಲಿ ಯಾರ್ರೀ ನೋಡ್ತಾರೆ?” ಅಂತ. ನಾನೂ ಹಲ್ಲು ಕಿರಿದೆ. ಅದನ್ನು ನೆನೆದರೆ ಇವತ್ತಿಗೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಒಂದು ಬೆಳಿಗ್ಗೆ ಅಕ್ಕ ಟ್ಯಾಬ್ ಹಿಡಿದು ಮೆಟ್ಟಿಲ ಬಳಿ ನಿಂತಿದ್ದರು. ಆಸ್ಪತ್ರೆಯದು ಎಲ್ಲ ತುಂಬುತ್ತೇನೆ, ಸಮಯ ಮಾತ್ರ ಸಿಗುತ್ತಿಲ್ಲ ಅಂದರು. ಯಾವ ಆಸ್ಪತ್ರೆ ಅಂತ ನಾನು ಕೇಳಲಿಲ್ಲ. ತಿರುಗಿಯೂ ನೋಡಲಿಲ್ಲ. ನೆಟ್ ಸ್ಲೋ ಇರಬೇಕು, ಆಮೇಲೆ ನೋಡಿ ಅಂತ ಹೇಳಿ ಮೆಟ್ರೋಗೆ ಓಡಿದೆ. ಅವರು ಮತ್ತೆ ಕೇಳಲಿಲ್ಲ. ನಾನೂ...

ಎರಡು ತಿಂಗಳ ಮೇಲೆ ಅವರು ಕೊಟ್ಟ ಬ್ಲೌಸಿನ ಬಲತೋಳು ಸೊಟ್ಟಗಿತ್ತು. ಅಕ್ಕನ ಕೈಯಲ್ಲಿ ಸೊಟ್ಟ ಹೊಲಿಗೆ ಬಂದದ್ದನ್ನು ನಾನು ಕಂಡೇ ಇರಲಿಲ್ಲ. ಬಲಗಣ್ಣಿನಲ್ಲಿ ಬರೀ ಮಂಜು ಅಂದರು. ಆಸ್ಪತ್ರೆಗೆ ಯಾಕೆ ಹೋಗಲಿಲ್ಲ ಅಂತ ನಾನೇ ಅವರನ್ನು ಗದರಿದೆ. ಎಂಥ ಧೈರ್ಯ ನೋಡಿ ನನ್ನದು. ಅವರು ಟ್ಯಾಬ್ ತೆಗೆದು ಮುಂದಿಟ್ಟರು. ತೆರೆದುಕೊಂಡದ್ದು ನಾನು ಮಾಡಿದ ಪುಟ.

ಹೆಸರು, ವಯಸ್ಸು, ತೊಂದರೆ ಏನು, ಎಲ್ಲವನ್ನೂ ಕಣ್ಣು ಕಿರಿದು ಮಾಡಿಕೊಂಡು ಒಂದೊಂದೇ ಅಕ್ಷರ ತುಂಬಿದರು. ‘ಸಮಯ’ ಅನ್ನುವ ಕಡೆ ಬೆರಳಿಟ್ಟಾಗ ಪಟ್ಟಿ ತೆರೆಯಿತು. ಗುರುವಾರ ಹನ್ನೊಂದೂವರೆ ಖಾಲಿ ಇತ್ತು. ಅದನ್ನು ಒತ್ತಲು ಬೆರಳು ಎತ್ತಿದರು, ಪಟ್ಟಿ ಮುಚ್ಚಿಕೊಂಡಿತು. ಅವರ ಬೆರಳು ಹೋಗಿ ಬಿದ್ದದ್ದು ಪಟ್ಟಿಯ ಅಡಿಯಲ್ಲಿದ್ದ ‘ಅಳಿಸಿ’ ಅನ್ನುವ ಗುಂಡಿಯ ಮೇಲೆ. ತುಂಬಿದ್ದೆಲ್ಲ ಹೋಯಿತು. ಮೌಸಿನ ಬಾಣವಾದರೆ ಪಟ್ಟಿಯ ಮೇಲೆಯೇ ನಿಂತಿರುತ್ತದೆ, ಪಟ್ಟಿಯೂ ತೆರೆದಿರುತ್ತದೆ. ಬೆರಳನ್ನು ಎತ್ತಲೇಬೇಕಲ್ಲ? ಇಷ್ಟು ನನಗೆ ಹೊಳೆದಿರಲಿಲ್ಲ. ಅಕ್ಕ ಬೈದುಕೊಂಡದ್ದು ತಮ್ಮನ್ನೇ. ಸೂಜಿ ಚುಚ್ಚಿಸಿಕೊಂಡು ಬೆರಳು ಮರಗಟ್ಟಿವೆ, ಅದಕ್ಕೇ ಇದು ಮಾತು ಕೇಳುವುದಿಲ್ಲ ಅಂದರು.

ಅದನ್ನು ಕೇಳಿಕೊಂಡು ಸುಮ್ಮನಿರಲು ನನ್ನಿಂದಾಗಲಿಲ್ಲ. ಇದನ್ನು ಮಾಡಿದವಳು ನಾನೇ, ತಪ್ಪು ನಿಮ್ಮ ಬೆರಳಿನದಲ್ಲ ಅಂದೆ. ಅವರು ಸಿಟ್ಟಾಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು. ಒಂದೇ ಮಾತು ಕೇಳಿದರು.

“ಕೊಡೂಕಿಂತ ಮುಂಚೆ ಹಾಕ್ಕೊಂಡು ನೋಡ್ಲಿಲ್ಲೇನು ತಂಗಿ?”

ನನ್ನ ಲ್ಯಾಪ್‌ಟಾಪಿನಲ್ಲಿ ಎರಡೇ ನಿಮಿಷಕ್ಕೆ ಸಮಯ ಸಿಕ್ಕಿತು. ಬಲಗಣ್ಣಿಗೆ ತಡವಾಯಿತು, ಎಡಗಣ್ಣನ್ನಾದರೂ ಉಳಿಸಿಕೊಳ್ಳೋಣ ಅಂದರು ಡಾಕ್ಟರು. ಮರುದಿನ ಆ ಪಟ್ಟಿಯನ್ನು ಸರಿಪಡಿಸಲು ನನಗೆ ಹಿಡಿದದ್ದು ಅರ್ಧ ಗಂಟೆ. ಬರೀ ಅರ್ಧ ಗಂಟೆ. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರಲ್ಲ, ಶುದ್ಧ ಸುಳ್ಳು. ಮಾಡಿದವಳು ನಾನು, ಉಂಡವರು ಅಕ್ಕ.

ಒಂದೇ ಕಣ್ಣಿನಲ್ಲಿ ಹೊಲಿಗೆ ಸಾಗಲಿಲ್ಲ. ಮೆಷಿನ್ ಯಾರಿಗೋ ಕೊಟ್ಟು ಅಣ್ಣನ ಊರಿಗೆ ಹೊರಟರು. ಹೋಗುವ ಮುಂಚೆ ಟ್ಯಾಬ್‌ಗೆ ಈ ಚೀಲ ಹೊಲಿದು, ಇನ್ನು ಮೇಲೆ ಇದರಲ್ಲಿ ನೋಡಿ ಆಮೇಲೆ ಕೊಡು ಅಂತ ನನ್ನ ಕೈಗಿಟ್ಟರು. ಚೀಲದ ಒಂದು ಬದಿಯ ಹೊಲಿಗೆ ಓರೆಯಾಗಿದೆ. ಅದನ್ನು ಬಿಚ್ಚಲು ಮನಸ್ಸಾಗದೆ ಡ್ರಾಯರಿನಲ್ಲಿಟ್ಟಿದ್ದೆ. ಕಳೆದ ವರ್ಷ ಅವರ ಅಣ್ಣ ಫೋನ್ ಮಾಡಿ, ಅಕ್ಕ ತೀರಿಕೊಂಡ ಸುದ್ದಿ ತಿಳಿಸಿದರು.

ಮೊನ್ನೆ ನಾನು ಡ್ರಾಯರ್ ಎಳೆದದ್ದಕ್ಕೂ ಕಾರಣವಿದೆ. ಹೊಸದಾಗಿ ಸೇರಿದವರು ಮತ್ತದೇ ಕಿಟಕಿಯನ್ನು ಎಳೆದು ‘ಟ್ಯಾಬ್ ಓಕೆ’ ಅಂದಿದ್ದರು. ಅವರ ಮೌಸ್ ಕಿತ್ತಿಟ್ಟು, ಟ್ಯಾಬನ್ನು ಚಾರ್ಜ್ ಮಾಡಿ ಮೇಜಿನ ಮೇಲೆ ಇಟ್ಟೆ. ಸ್ವಲ್ಪ ಜೋರಾಗಿಯೇ ಇಟ್ಟೆ. ಅವರಲ್ಲೊಬ್ಬಳು ಫಾರಂ ತೆರೆದು ಹೆಸರಿನ ಜಾಗದಲ್ಲಿ ಒಂದಕ್ಷರ ಒತ್ತಿದಳು. ಕೀಬೋರ್ಡಿನ ಮೇಲೆ ತಾನಾಗಿಯೇ ಒಂದು ಪೂರ್ತಿ ಹೆಸರು ಬಂತು. ಅದನ್ನು ಒತ್ತಿದಳು, ಹಿಂದೆಯೇ ‘ಬಲಗಣ್ಣು ಮಂಜು’ ಅಂತ ಬಂತು.

ಇದು ಯಾರ ಹೆಸರು ಮ್ಯಾಮ್ ಅಂತ ಕೇಳಿದಳು. ಎಷ್ಟು ಸಲ ತುಂಬಿದ್ದರೋ ಅಕ್ಕ... ಆ ಯಂತ್ರಕ್ಕೂ ಬಾಯಿಪಾಠವಾಗುವಷ್ಟು.