ಉಪ್ಪಿಟ್ಟು ತಿನ್ನುವ ಕಾಗದದ ಬೀಗರು

ಐವತ್ತರ ದಶಕದ ಬಹುಪಾಲು ಬೆಳಗುಗಳಲ್ಲಿ ನನ್ನ ಅಣ್ಣ ಗಲ್ಲದ ಮೇಲೊಂದು ಗಾಯ ಹೊತ್ತುಕೊಂಡೇ ಮುಂಬಯಿಯ ಫೋರ್ಟಿನ ಆಫೀಸಿಗೆ ಹೋಗುತ್ತಿದ್ದ. ತಪ್ಪು ನನ್ನದು. ಅವನು ಗಡ್ಡ ಹೆರೆಯುವ ಬ್ಲೇಡಿನಿಂದ ನಾನು ರಟ್ಟು ಕತ್ತರಿಸುತ್ತಿದ್ದೆ. ಕೆಲಸ ಮುಗಿದ ಮೇಲೆ ತೊಳೆದು, ಒರೆಸಿ, ಏನೂ ಆಗಿಲ್ಲವೆಂಬಂತೆ ಅದರ ಕಾಗದದಲ್ಲೇ ಸುತ್ತಿ ಇಡುತ್ತಿದ್ದೆ. ಅವನ ಹೆಂಡತಿ ಹೊಡೆಯುತ್ತಾಳೆಂದು ಆಫೀಸಿನಲ್ಲಿ ಸುದ್ದಿ ಹಬ್ಬಿತ್ತಂತೆ. ಅದನ್ನು ಕೇಳಿ ವೈನಿ ಬೇಸರಪಟ್ಟುಕೊಳ್ಳಲಿಲ್ಲ. ಮುಂಬಯಿಗೆ ಬಂದ ಮೇಲೆ ಯಾರೋ ತನ್ನನ್ನು ಗಂಭೀರವಾಗಿ ತೆಗೆದುಕೊಂಡದ್ದು ಅದೇ ಮೊದಲು ಎಂದಳು.

ನಾವು ಮೂವರೂ ಘಾಟ್ಕೋಪರಿನ ಚಾಳಿನ ಒಂದೂವರೆ ಖೋಲಿಯಲ್ಲಿದ್ದೆವು. ನಾನು ಧಾರವಾಡದಲ್ಲಿ ಮ್ಯಾಟ್ರಿಕ್ ಮುಗಿಸಿ, ಮದುವೆ ಗೊತ್ತಾಗುವವರೆಗೆ ಎಂದು ಅಣ್ಣನ ಮನೆಗೆ ಬಂದವಳು. ಮದುವೆ ಗೊತ್ತಾಗಲಿಲ್ಲ, ಹಾಗಾಗಿ ಉಳಿದೆ.

ಕಾರ್ಡಿನ ಹುಚ್ಚು ಹಿಡಿದದ್ದು ಅಣ್ಣನಿಂದಲೇ. ಒಂದು ಡಿಸೆಂಬರಿನಲ್ಲಿ ಅವನ ಆಫೀಸಿನ ಇಂಗ್ಲಿಷ್ ಸಾಹೇಬರು ಎಲ್ಲ ಗುಮಾಸ್ತರಿಗೂ ಒಂದೊಂದು ಕ್ರಿಸ್‌ಮಸ್ ಕಾರ್ಡು ಕೊಟ್ಟಿದ್ದರು. ತೆರೆದರೆ ಒಳಗಿನಿಂದ ಒಂದು ಇಗರ್ಜಿ ಎದ್ದು ನಿಲ್ಲುತ್ತಿತ್ತು. ಅಣ್ಣ ಅದನ್ನು ದೇವರ ಫೋಟೋಗಳ ಪಕ್ಕದಲ್ಲಿಟ್ಟು, ಬಂದವರಿಗೆಲ್ಲ ತೆರೆದು ತೋರಿಸಿ, ಸಾಹೇಬರು ತನಗೊಬ್ಬನಿಗೇ ಕೊಟ್ಟದ್ದು ಎನ್ನುತ್ತಿದ್ದ. ಮೂರನೆಯ ದಿನ ಅವನು ಆಫೀಸಿಗೆ ಹೋದಾಗ ನಾನು ಅದನ್ನು ಬಿಚ್ಚಿದೆ. ಅಷ್ಟು ದೊಡ್ಡ ಇಗರ್ಜಿ ನಿಂತದ್ದು ಎರಡು ಕಾಗದದ ಪಟ್ಟಿ, ಒಂದು ಮಡಿಕೆಯ ಮೇಲೆ. ಮತ್ತೆ ಜೋಡಿಸುವಾಗ ಗೋಪುರ ಎಡಕ್ಕೆ ವಾಲಿತು. ಸಾಹೇಬರ ದೇವರಿಗೆ ಲಕ್ವ ಹೊಡೆಯಿತೆಂದು ವೈನಿ ನಕ್ಕಳು. ಅಣ್ಣ ನಗಲಿಲ್ಲ.

ಅಂದಿನಿಂದ ಹಳೆಯ ಲಗ್ನಪತ್ರಿಕೆ, ಶರ್ಟಿನ ಡಬ್ಬಿ, ಸಿಗರೇಟ್ ಪಾಕೀಟಿನೊಳಗಿನ ಬೇಗಡೆ, ಎಲ್ಲವೂ ನನ್ನ ಪಾಲಿಗೆ ಬಂದವು. ಮೈದಾಹಿಟ್ಟು ಕುದಿಸಿ ಅಂಟು ಮಾಡುತ್ತಿದ್ದೆ, ಹುಳ ಹತ್ತದಂತೆ ಅದಕ್ಕೆ ಚಿಟಿಕೆ ಮೈಲುತುತ್ತ. ಕೈಕಾಲು ಆಡಬೇಕಾದ ಕಡೆ ತೂತು ಮಾಡಿ, ದಾರ ತೂರಿಸಿ, ಎರಡೂ ಬದಿ ಗಂಟು ಹಾಕಿದರೆ ಸಾಕು. ಕಾಗದಕ್ಕೆ ಮೊಣಕಾಲು ಬರುತ್ತಿತ್ತು.

ಚೌತಿಗೆ ಒಂದು ಗಣಪತಿ ಮಾಡಿದೆ. ಪಟ್ಟಿ ಎಳೆದರೆ ಸೊಂಡಿಲು ಬಾಗಿ ಮೋದಕ ಮುಟ್ಟುತ್ತಿತ್ತು. ವೈನಿ ನೋಡಿದವಳೇ ಕುಂಕುಮ ಹಚ್ಚಿಬಿಟ್ಟಳು.

"ವೈನಿ, ಅದು ಕಾರ್ಡು. ಮಡಚಿ ಅಂಚೆಗೆ ಹಾಕಬೇಕು" ಎಂದೆ.

"ಪೂಜಿ ಆಗೇದ. ಇನ್ನ ಮಡಚೂ ಹಂಗಿಲ್ಲ" ಎಂದಳು.

ಗಣಪತಿ ಒಂದು ವರ್ಷ ಶೆಲ್ಫಿನ ಮೇಲೆ ತೆರೆದುಕೊಂಡೇ ನಿಂತ. ಮೈಲುತುತ್ತವನ್ನೂ ಲೆಕ್ಕಿಸದೆ ಜಿರಳೆಗಳು ಮೊದಲು ಮೋದಕ ತಿಂದವು, ಆಮೇಲೆ ಕಾಲ ಬಳಿಯ ಇಲಿಯನ್ನು.

ಈ ನಡುವೆ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದು ಹೋಗುತ್ತಿದ್ದರು. ಮೂರು ಮನೆಯವರು ಬಂದರು, ಮೂರು ಸಲ ವೈನಿ ಉಪ್ಪಿಟ್ಟು ಮಾಡಿದಳು, ಮೂರು ಸಲವೂ ಪೂರ್ತಿ ಖಾಲಿಯಾಯಿತು. ಉಪ್ಪಿಟ್ಟನ್ನು ಯಾರೂ ಬೇಡ ಎನ್ನಲಿಲ್ಲ. ಮೂರನೆಯವರು ಹೋದ ಸಂಜೆ ಸಿಟ್ಟಿನಲ್ಲಿ ಕೂತು ಒಂದು ಕಾರ್ಡು ಮಾಡಿದೆ. ತೆರೆದರೆ ಚಾಪೆಯ ಮೇಲೆ ಐದು ಜನ ಬೀಗರು ಸಾಲಾಗಿ ಎದ್ದು ಕೂರುತ್ತಿದ್ದರು. ಎದುರಿಗೆ ಉಪ್ಪಿಟ್ಟಿನ ತಟ್ಟೆ. ಕೆಳಗಿನ ಪಟ್ಟಿ ಎಳೆದರೆ ಐದೂ ಬಾಯಿ ಒಟ್ಟಿಗೇ ತೆರೆದುಕೊಳ್ಳುತ್ತಿದ್ದವು, ತಳ್ಳಿದರೆ ಮುಚ್ಚುತ್ತಿದ್ದವು. ನಡುವೆ ಕೂತ ಹೆಂಗಸಿಗೆ ಬೇಗಡೆಯಿಂದ ದೊಡ್ಡದೊಂದು ನತ್ತು ಮಾಡಿದ್ದೆ. ಆಕೆ ಬಾಯಿ ತೆರೆದಾಗ ಕಣ್ಣುಗಳು ಎಡದಿಂದ ಬಲಕ್ಕೆ ಹೊರಳಿ ಮನೆಯ ಪಾತ್ರೆಗಳನ್ನು ನೋಡುತ್ತಿದ್ದವು. ನನಗೆ ಸಮಾಧಾನವಾಯಿತು. ಉಳಿದ ಕಾರ್ಡುಗಳ ಜೊತೆ ಡಬ್ಬಿಯ ತಳದಲ್ಲಿಟ್ಟು ಮರೆತೆ.

ನಾಲ್ಕನೆಯವರು ದಹಿಸರ್‌ನಿಂದ ಬಂದರು. ಮೂಲ ವಿಜಾಪುರದ ಕಡೆಯವರು. ಹುಡುಗ ಬ್ಯಾಂಕಿನಲ್ಲಿದ್ದ, ತಂದೆ ಸರಕಾರಿ ನೌಕರಿಯಿಂದ ರಿಟೈರ್ ಆಗಿದ್ದರು. ತಾಯಿ ಒಳಗೆ ಕಾಲಿಟ್ಟೊಡನೆ ನನಗೆ ಡಬ್ಬಿಯ ತಳದ ಕಾರ್ಡು ನೆನಪಾಯಿತು. ಒಂಬತ್ತು ಗಜದ ಸೀರೆ, ಅಗಲವಾದ ಮುಖ, ಮೂಗಿನಲ್ಲಿ ದೊಡ್ಡ ನತ್ತು.

"ಹಾಡು ಬರ್ತದೇನವಾ?" ಎಂದು ಆಕೆ ಕೇಳಿದರು.

"ಇಲ್ರಿ."

"ಕಸೂತಿ?"

"ಬರೂದಿಲ್ರಿ."

"ಮತ್ತ ಏನ್ ಬರ್ತದ?"

ಮರ್ಯಾದೆ ಉಳಿಸಲು ವೈನಿ ಮುಂದೆ ಬಂದಳು. "ಕಾಗದದ ಕೆಲಸ ಭಾಳ ಛಲೋ ಮಾಡ್ತಾಳ್ರಿ. ತಡೀರಿ, ತೋರಿಸ್ತೇನಿ" ಎಂದು ಇಡೀ ಡಬ್ಬಿಯನ್ನೇ ತಂದು ಆಕೆಯ ತೊಡೆಯ ಮೇಲಿಟ್ಟಳು. ನಾನು ಕಣ್ಸನ್ನೆ ಮಾಡಿದೆ. ವೈನಿ ಅದನ್ನು ನಾಚಿಕೆ ಎಂದು ತಿಳಿದಳು.

ಮೊದಲು ಅರಳುವ ಕಮಲ ಬಂತು. ಆಮೇಲೆ ರೆಕ್ಕೆ ಬಡಿಯುವ ಗಿಳಿ. ಆಮೇಲೆ ಅದು ಬಂತು. ಆಕೆ ತೆರೆದರು, ಸ್ವಲ್ಪ ಹೊತ್ತು ನೋಡಿದರು, ಪಟ್ಟಿ ಎಳೆದರು. ಐದು ಬಾಯಿಗಳು ತೆರೆದವು. ಸರಿಯಾಗಿ ಅದೇ ಹೊತ್ತಿಗೆ ಅವರ ಮಗ ಉಪ್ಪಿಟ್ಟಿನ ಚಮಚವನ್ನು ಬಾಯಿಯ ಹತ್ತಿರ ತಂದಿದ್ದ. ಅವನು ಕಾರ್ಡು ನೋಡಿದ, ಬಾಯಿ ಮುಚ್ಚಿದ, ಚಮಚವನ್ನು ತಟ್ಟೆಗೆ ಇಳಿಸಿದ.

ಆಕೆ ಇನ್ನೊಮ್ಮೆ ಎಳೆದರು. ಅಣ್ಣ ಸೂರಿನ ಕಡೆ ನೋಡತೊಡಗಿದ.

"ಇವರೊಳಗ ನಾ ಯಾರು?" ಎಂದು ಆಕೆ ಕೇಳಿದರು.

"ನೀವಲ್ರಿ. ಇದು ನೀವು ಬರೂಕಿಂತ ಮೊದಲ ಮಾಡಿದ್ದು."

"ಅಂದ್ರ ಹಿಂದ ಬಂದವರೂ ಹಿಂಗ ಇದ್ರೇನು?"

ಸುಳ್ಳು ಹೇಳುವಷ್ಟು ಸಮಯ ಇರಲಿಲ್ಲ. "ಹೌದ್ರಿ, ಎಲ್ಲಾರೂ" ಎಂದೆ.

ಮೂಲೆಯಲ್ಲಿ ಅರೆಗಣ್ಣು ಮುಚ್ಚಿ ಕೂತಿದ್ದ ಆಕೆಯ ಗಂಡ ಆ ಮಧ್ಯಾಹ್ನದ ತಮ್ಮ ಏಕೈಕ ಮಾತನ್ನು ಆಗ ಆಡಿದರು. "ಚಹಾ ಛಲೋ ಆಗೇದ."

ವಾರದೊಳಗೆ ಹುಡುಗನ ಕೈಬರಹದಲ್ಲಿ ಪೋಸ್ಟ್ ಕಾರ್ಡು ಬಂತು. ಹುಡುಗಿ ಒಳ್ಳೆಯವಳು, ಆದರೆ ನಮ್ಮ ಮನೆಗೆ ಸ್ವಲ್ಪ ಹೆಚ್ಚು ಹುಷಾರಿ ಎಂದು ಬರೆದಿತ್ತು. ಅಣ್ಣ ನಾಲ್ಕು ದಿನ ನನ್ನ ಜೊತೆ ಮಾತು ಬಿಟ್ಟ. ಮನೆ ಬಹಳ ನೆಮ್ಮದಿಯಾಗಿತ್ತು.

ಐದನೆಯ ದಿನ ಮಧ್ಯಾಹ್ನ ಬಾಗಿಲಲ್ಲಿ ಅದೇ ನತ್ತು. ಆಕೆ ದಾದರಿನಲ್ಲಿ ಗಾಡಿ ಬದಲಿಸಿಕೊಂಡು ಒಬ್ಬರೇ ಬಂದಿದ್ದರು. ವೈನಿ ಗಾಬರಿಯಾಗಿ ಅಭ್ಯಾಸಬಲದಿಂದ ರವೆಯ ಡಬ್ಬಿಗೆ ಕೈ ಹಾಕಿದಳು.

"ಉಪ್ಪಿಟ್ಟು ಬ್ಯಾಡ" ಎಂದು ಆಕೆ ಕೂತರು. "ಆ ಬಾಯಿ ತೆಗಿಯೂ ಕಾರ್ಡು ಎಲ್ಲದ? ತಾ ಇಲ್ಲೆ."

ಕೊಟ್ಟೆ. ಎಳೆದರು, ತಳ್ಳಿದರು, ಮತ್ತೆ ಎಳೆದರು. ಮೊದಲು ಭುಜ ಅಲುಗಿತು, ಆಮೇಲೆ ಇಡೀ ಮೈ ಅಲುಗಿತು. ಸೆರಗಿನಿಂದ ಕಣ್ಣು ಒರೆಸಿಕೊಳ್ಳುವವರೆಗೂ ನಕ್ಕರು. ಅವತ್ತು ಗಂಡಸರ ಮುಂದೆ ನಗು ತಡೆದುಕೊಂಡು ಹೊಟ್ಟೆ ಹಿಡಿದುಕೊಂಡಿತ್ತಂತೆ.

"ಮಗಾ ಬ್ಯಾಡ ಅಂದಾನ, ಅದು ಬ್ಯಾರೆ ಮಾತು" ಎಂದರು. "ನಾ ಬಂದದ್ದು ಬ್ಯಾರೆ ಕೆಲಸಕ್ಕ. ನಮ್ಮ ಮನಿಯವರಿಗೆ ಬರೂ ತಿಂಗಳು ಅರವತ್ತು ತುಂಬ್ತಾವ. ರಿಟೈರ್ ಆದ ದಿನ ಆರಾಮ ಕುರ್ಚಿಯೊಳಗ ಕೂತವರು, ಐದು ವರ್ಷಾತು, ಇನ್ನೂ ಎದ್ದಿಲ್ಲ. ಊಟಕ್ಕ ಏಳ್ತಾರ, ಅದನ್ನ ಏಳೂದು ಅನ್ನೂದಿಲ್ಲ. ಕಾಗದದಾಗಾದ್ರೂ ಅವರು ತಾವಾಗಿ ಎದ್ದು ನಿಂತದ್ದು ನಾ ನೋಡಬೇಕು. ಮಾಡಿಕೊಡ್ತಿಯೇನು?"

ಅಲ್ಲಿಯವರೆಗೆ ನನ್ನ ಕಾರ್ಡು ಬೇಕು ಎಂದು ಯಾರೂ ಕೇಳಿರಲಿಲ್ಲ. ನನ್ನನ್ನು ಬೇಡ ಎಂದ ಮನೆಯಿಂದ ಮೊದಲ ಬೇಡಿಕೆ ಬಂದಿತ್ತು. ತಕ್ಷಣ ಒಪ್ಪಿದೆ. ಅಣ್ಣನಿಗೆ ಅವಮಾನ ಎನ್ನಿಸಿತು, ವೈನಿಗೆ ಕುತೂಹಲ.

ಮಾಡಲು ಕೂತಾಗ ಗೊತ್ತಾಯಿತು, ಮನುಷ್ಯನನ್ನು ಕುರ್ಚಿಯಿಂದ ಎಬ್ಬಿಸುವುದು ಇಗರ್ಜಿ ಎಬ್ಬಿಸಿದಷ್ಟು ಸುಲಭವಲ್ಲ. ಮೊದಲನೆಯದರಲ್ಲಿ ಪಟ್ಟಿ ಎಳೆದರೆ ಕುರ್ಚಿಯೂ ಅವರ ಜೊತೆ ಎದ್ದು ಬರುತ್ತಿತ್ತು. ಎರಡನೆಯದರಲ್ಲಿ ಮನುಷ್ಯ ಮುಂದಕ್ಕೆ ಮುಗ್ಗರಿಸಿ ಬೀಳುತ್ತಿದ್ದರು. ಅರವತ್ತರ ಶಾಂತಿಗೆ ಅದನ್ನು ಕೊಡುವಂತಿರಲಿಲ್ಲ.

ಕೊನೆಗೆ ಅಸಲನ್ನೇ ನೋಡಿ ಬರೋಣವೆಂದು ವೈನಿಯ ಜೊತೆ ದಹಿಸರ್‌ಗೆ ಹೋದೆ. ಆಗ ಅದು ಮುಂಬಯಿ ಅಂತ ಯಾರೂ ಹೇಳುತ್ತಿರಲಿಲ್ಲ. ಸ್ಟೇಶನ್ ದಾಟಿದರೆ ಗದ್ದೆ, ಎಮ್ಮೆ, ನಡುವೆ ಕೆಲವು ಮನೆ. ವರಾಂಡದಲ್ಲಿ ಯಜಮಾನರು ಕುರ್ಚಿಯಲ್ಲಿದ್ದರು. ನಾನು ಎದುರಿಗೆ ಕೂತು ಪೆನ್ಸಿಲ್ ತೆಗೆದೆ.

"ಏನು ಬರಕೊಳ್ಳಿಕತ್ತಿ?" ಎಂದರು.

"ಕುರ್ಚಿ ಭಾಳ ಚಂದ ಅದ್ರಿ" ಎಂದೆ.

"ಹೌದು. ನಾ ಕೂಡೂಕಿಂತ ಮೊದಲು ಇನ್ನೂ ಚಂದ ಇತ್ತು" ಎಂದು ಮತ್ತೆ ಕಣ್ಣು ಮುಚ್ಚಿದರು.

ಎರಡು ಗಂಟೆ ಕಾದೆ. ಒಳಗಿನಿಂದ ಆಕೆ ಊಟಕ್ಕೆ ಕರೆದರು. ಒಮ್ಮೆ, ಎರಡು ಸಲ, ಮೂರನೆಯ ಸಲ ಬಾಗಿಲಿಗೇ ಬಂದು ನಿಂತು ಕರೆದರು. ಆಗ ಅವರು ಮೊದಲು ಎರಡೂ ಪಾದಗಳನ್ನು ಹಿಂದಕ್ಕೆ ಎಳೆದುಕೊಂಡರು, ಆಮೇಲೆ ಮುಂದಕ್ಕೆ ಬಾಗಿದರು, ಆಮೇಲೆ ಎದ್ದರು. ನನ್ನ ತಪ್ಪು ತಿಳಿಯಿತು. ನಾನು ಸೊಂಟ ಎಳೆಯುತ್ತಿದ್ದೆ, ಎಳೆಯಬೇಕಾದದ್ದು ಪಾದವನ್ನು. ಮನೆಗೆ ಬಂದು ದಾರದ ಗಂಟನ್ನು ಸೊಂಟದಿಂದ ಕಣಕಾಲಿಗೆ ಇಳಿಸಿದೆ. ಕಾಗದದ ಮನುಷ್ಯ ನಿಧಾನವಾಗಿ, ಒಲ್ಲದ ಮನಸ್ಸಿನಿಂದ, ಥೇಟ್ ಅವರಂತೆಯೇ ಎದ್ದು ನಿಂತರು.

ಶಾಂತಿಯ ದಿನ ನಾವು ಮೂವರೂ ಹೋದೆವು. ಹೋಮ, ಊಟ ಎಲ್ಲ ಮುಗಿದ ಮೇಲೆ ಆಕೆ ನೆಂಟರ ಮುಂದೆ ಕಾರ್ಡನ್ನು ಗಂಡನ ಕೈಗೆ ಕೊಟ್ಟರು. ನನ್ನನ್ನು ಬೇಡವೆಂದಿದ್ದ ಮಗ ಬಾಗಿಲ ಹತ್ತಿರ ಸರಿದು ನಿಂತ, ಒಳಗೆ ತನ್ನ ಬಾಯಿಯೂ ಇದೆಯೇನೋ ಎಂಬ ಹೆದರಿಕೆಯಲ್ಲಿ.

ಅವರು ಪಟ್ಟಿ ಎಳೆದರು. ಕಾಗದದವರು ಎದ್ದು ನಿಂತರು. ಎಲ್ಲರೂ ನಕ್ಕರು, ಭಟ್ಟರು ಸಹ. ಕಾರ್ಡು ಹಿಡಿದವರೊಬ್ಬರು ನಗಲಿಲ್ಲ. ಕಾರ್ಡನ್ನು ಕಣ್ಣಿನ ಹತ್ತಿರ ತಂದು, ಹಿಂದೆ ಮುಂದೆ ತಿರುಗಿಸಿ, ಏನನ್ನೋ ಹುಡುಕಿದರು.

"ಆಕಿ ಎಲ್ಲಿ?" ಎಂದರು.

"ಯಾರು?" ಎಂದು ಆಕೆ ಕೇಳಿದರು.

"ನೀನು. ನೀ ಕರೀದ ಇಂವ ಹೆಂಗ ಎದ್ದಾ? ನಲವತ್ತು ವರ್ಷ ನೀ ಕರದಿದ್ದಕ್ಕ ಎದ್ದೇನಿ. ಇದು ಸುಳ್ಳು ಕಾರ್ಡು."

ಆಕೆ ನತ್ತು ಸರಿಮಾಡಿಕೊಂಡರು, ಅದು ಸರಿಯಾಗಿಯೇ ಇತ್ತು. "ಸಾಕು, ಮಂದಿ ಇದ್ದಾರ" ಎಂದು ಒಳಗೆ ಹೋಗಿಬಿಟ್ಟರು. ಯಜಮಾನರು ಕಾರ್ಡನ್ನು ನನ್ನ ಕೈಗೆ ವಾಪಸು ಕೊಟ್ಟು, "ತಿದ್ದಿ ತೊಗೊಂಡು ಬಾ" ಎಂದರು, ಗುಮಾಸ್ತನಿಗೆ ಫೈಲು ಹಿಂದಿರುಗಿಸುವ ದನಿಯಲ್ಲಿ.

ತಿದ್ದಲು ಮೂರು ವಾರ ಬೇಕಾಯಿತು. ಒಂದೇ ಪಟ್ಟಿ ಎಳೆದರೆ ಮೊದಲು ಬಾಗಿಲು ತೆರೆದು ಆಕೆ ಹೊರಬರಬೇಕು, ಸ್ವಲ್ಪ ತಡೆದು ಇವರು ಏಳಬೇಕು. ಇವರ ಪಾಲಿನ ಸೀಳನ್ನು ಉದ್ದ ಮಾಡಿದೆ, ಎಳೆತ ಅಲ್ಲಿಗೆ ತಲುಪುವುದು ತಡವಾಯಿತು. ಅಷ್ಟರಲ್ಲಿ ಅಣ್ಣ ಬ್ಲೇಡುಗಳನ್ನು ಬೀಗ ಹಾಕಿಡಲು ಶುರು ಮಾಡಿದ್ದ. ವೈನಿ ಕೀಲಿ ನನಗೆ ಕೊಡುತ್ತಿದ್ದಳು.

ದಹಿಸರ್‌ನಲ್ಲಿ ಯಜಮಾನರು ಹೊಸ ಕಾರ್ಡನ್ನು ನಾಲ್ಕು ಸಲ ಎಳೆದು ನೋಡಿದರು. "ಈಗ ಖರೇ ಆತು" ಎಂದರು. "ಆದ್ರ ಆಕಿ ದನಿ ಬರೂದಿಲ್ಲ. ಅದೂ ಛಲೋನ ಆತು."

"ದನಿ ಇಲ್ಲೆ ಅದ" ಎಂದು ಅಡಿಗೆಮನೆಯಿಂದ ಉತ್ತರ ಬಂತು.

ಮಾರನೆಯ ತಿಂಗಳು ಯಜಮಾನರು ಕುರ್ಚಿ ಬಿಟ್ಟೆದ್ದು ನಮ್ಮ ಚಾಳಿಗೇ ಬಂದರು. ಅಣ್ಣನನ್ನು ಕೂರಿಸಿಕೊಂಡು, ಕುರ್ಲಾದಲ್ಲಿ ತಮ್ಮ ಪರಿಚಯದ ಶೇಠ್ ಒಬ್ಬರ ರಟ್ಟಿನ ಡಬ್ಬಿ ಮಾಡುವ ಕಾರ್ಖಾನೆ ಇದೆ, ಹುಡುಗಿಯನ್ನು ಕರೆದುಕೊಂಡು ಹೋಗುತ್ತೇನೆ ಎಂದರು. ಮನೆತನ, ಮರ್ಯಾದೆ, ಮುಂದೆ ಬರುವ ಗಂಡುಗಳು ಎಂದು ಅಣ್ಣ ಶುರು ಮಾಡಿದ.

"ಬರೂ ಗಂಡುಗಳು ಬರ್ಲಿ. ನಮ್ಮ ಮನಿ ಗಂಡು ಬಂದು ಹೋದದ್ದು ನೋಡಿದ್ಯಲ್ಲ" ಎಂದರು ಅವರು. ಅಣ್ಣ ಅವರಿಗೆ ಇನ್ನೊಮ್ಮೆ ಚಹಾ ತರಿಸಿದ.

ಶೇಠ್ ಕೈಗೆ ಗಿಳಿಯ ಕಾರ್ಡು ಕೊಟ್ಟೆ. ಅವರು ರೆಕ್ಕೆಯನ್ನು ನೋಡಲೇ ಇಲ್ಲ. "ಖುಲ್ತಾ ತೋ ಹೈ, ಬಂದ್ ಬರಾಬರ್ ಹೋತಾ ಹೈ ಕ್ಯಾ?" ಎಂದರು. ತೆರೆದುಕೊಳ್ಳುವುದು ಎಲ್ಲಕ್ಕೂ ಬರುತ್ತದೆ, ಸರಿಯಾಗಿ ಮುಚ್ಚಿಕೊಳ್ಳುವುದು ಕಷ್ಟ ಎನ್ನುವುದು ಅವರ ಅನುಭವ. ಕಾರ್ಡನ್ನು ಮುಚ್ಚಿ ಮೇಜಿನ ಮೇಲಿಟ್ಟೆ. ಅವರು ಅದರ ಮೇಲೆ ಅಂಗೈ ಆಡಿಸಿ, ಎಲ್ಲೂ ಉಬ್ಬಿಲ್ಲವೆಂದು ಖಾತ್ರಿ ಮಾಡಿಕೊಂಡು, ಸೋಮವಾರದಿಂದ ಬಾ ಎಂದರು. ಕತ್ತರಿಸುವ ಮೇಜಿನ ಹತ್ತಿರ ಅಲ್ಲಿಯವರೆಗೆ ಹೆಂಗಸರು ಇರಲಿಲ್ಲ. ಇದ್ದ ಗಂಡಸರು ಎರಡು ದಿನ ಕೆಮ್ಮಿದರು, ಮೂರನೆಯ ದಿನ ಅಭ್ಯಾಸವಾಯಿತು.

ದಹಿಸರ್‌ನ ಮಗನಿಗೆ ಬೆಳಗಾವಿಯ, ಹಾಡು ಬರುವ ಹುಡುಗಿ ಸಿಕ್ಕಳು. ಲಗ್ನದ ಕಾರ್ಡು ನಾನೇ ಮಾಡಿದೆ. ಬಾಯಿ ತೆರೆಯುವುದು ಏನೂ ಬೇಡ ಎಂದು ಅವನ ತಾಯಿ ಮೊದಲೇ ತಾಕೀತು ಮಾಡಿದ್ದರು. ನಾನು ಇಪ್ಪತ್ತಾರನೆಯ ವಯಸ್ಸಿಗೆ ಮದುವೆಯಾದೆ, ಯಾರಿಗೂ ಉಪ್ಪಿಟ್ಟು ತಿನ್ನಿಸದೆ. ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಇದ್ದೆ.

ಮೊದಲ ವಾರ ಶೇಠ್ ನನಗೆ ಪೇಢೆಯ ಡಬ್ಬಿಯ ನಮೂನೆ ಮಾಡಲು ಹೇಳಿದ್ದರು. ಅಂಟಿಲ್ಲದೆ, ಬರೀ ಮಡಿಕೆಯಿಂದ ಮುಚ್ಚಿಕೊಳ್ಳುವ ಮುಚ್ಚಳ ಮಾಡಿ, ಒಳಗೆ ನಾಲ್ಕು ಪೇಢೆ ಇಟ್ಟು ಕೊಟ್ಟೆ. ಅವರು ಅದನ್ನು ಇಪ್ಪತ್ತು ಸಲ ತೆರೆದು ಮುಚ್ಚಿ ನೋಡಿದರು, ನಾಲ್ಕೂ ಪೇಢೆ ತಿಂದರು, ಡಬ್ಬಿ ಚಿಕ್ಕದಾಯಿತು, ದೊಡ್ಡದು ಮಾಡು ಎಂದರು.